ಊಟ ಆದ ಮೇಲೆ ಹೇಳುವ ಮಾತು

ಲಾಸ್ ಏಂಜಲೀಸನ್ನು ಒಂದೇ ದಿನದಲ್ಲಿ ನೋಡಿ ಮುಗಿಸಲು ಆಗುತ್ತದೆಯೇ ಎಂದು ಯಾರಾದರೂ ಕೇಳಿದರೆ ಕರುಣಾಕರನಿಗೆ ರೇಗಿಹೋಗುತ್ತಿತ್ತು. ಆಗದಿದ್ದರೆ ಮೂರು ವರ್ಷದಿಂದ ತಾನು ಮಾಡುತ್ತಿರುವುದಾದರೂ ಏನು? ಸ್ಯಾನ್ ಡಿಯೇಗೋ ಕಡೆಯ ಕನ್ನಡದವರ ಮನೆಗೆ ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು, ಮಕ್ಕಳಿಗೆ ರಜೆ ಸಿಗದ ವಾರದ ದಿನಗಳಲ್ಲಿ, ಬೆಳಿಗ್ಗೆ ಆರಕ್ಕೆ ತನ್ನ ಬೂದು ಬಣ್ಣದ ವ್ಯಾನಿಗೆ ಹತ್ತಿಸಿಕೊಂಡು ಹೊರಟರೆ ರಾತ್ರಿ ಹತ್ತರೊಳಗೆ ಮನೆಬಾಗಿಲಿಗೆ ತಂದು ಇಳಿಸುತ್ತಿದ್ದ. ಗುಡ್ಡದ ಮೇಲಿನ ವೀಕ್ಷಣಾಲಯದ ಹುಲ್ಲಿನ ಮೇಲೆ ತಿಂಡಿ, ಹಾಲಿವುಡ್ಡಿನ ನಕ್ಷತ್ರಗಳ ಫುಟ್‌ಪಾತು, ಮಧ್ಯಾಹ್ನ ಡಬ್ಬಿಯ ಊಟ, ಸಾಂಟಾ ಮೋನಿಕಾದ ಸಮುದ್ರ, ವಾಪಸು ಬರುವಾಗ ನಮ್ಮವರ ಅಂಗಡಿ ಹೋಟೆಲುಗಳಿರುವ ಆರ್ಟೀಸಿಯಾದಲ್ಲಿ ರಾತ್ರಿಯ ಊಟ. ಈ ಕ್ರಮವನ್ನು ಅವನು ಯಾರಿಗೋಸ್ಕರವೂ ಬದಲಾಯಿಸುತ್ತಿರಲಿಲ್ಲ.

ಎಲ್ಲಿ ಬಾತ್‌ರೂಮು ಶುಚಿಯಾಗಿದೆ, ಎಲ್ಲಿ ಮಂಡಿನೋವಿನವರಿಗೆ ನೆರಳಿನಲ್ಲಿ ಬೆಂಚು ಸಿಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಬಂದವರು ಊರು ನೋಡುವುದಕ್ಕಿಂತ ಹೆಚ್ಚಾಗಿ, ನೋಡಿದ್ದೇವೆಂದು ಊರಿಗೆ ತೋರಿಸಲು ಬಂದಿರುತ್ತಾರೆ ಎನ್ನುವುದೂ ಗೊತ್ತಿತ್ತು. ಅದಕ್ಕೇ ನಿಂತಲ್ಲೆಲ್ಲ ಒಂದೊಂದು ಫೋಟೋ. ನಾಲ್ಕು ಹೆಜ್ಜೆ ಹಿಂದೆ ಸರಿದು, ಸೀರೆಯ ಅಂಚು ಮತ್ತು ಕಾಲಿನ ಹೊಸ ಶೂ ಎರಡೂ ಬರುವಂತೆ ತೆಗೆಯುತ್ತಿದ್ದ.

ಬ್ರಹ್ಮಾವರದಿಂದ ಎಂಬತ್ತೊಂಬತ್ತರಲ್ಲಿ ಆರ್ಟೀಸಿಯಾದ ಒಂದು ಹೋಟೆಲಿಗೆ ದೋಸೆ ಹುಯ್ಯಲು ಬಂದ ಮನುಷ್ಯ ಅವನು. ಮೂವತ್ತು ವರ್ಷ ಕಾವಲಿಯ ಮುಂದೆ ನಿಂತ. ಎರಡು ಸಾವಿರದ ಇಪ್ಪತ್ತರಲ್ಲಿ ಹೋಟೆಲು ಮುಚ್ಚಿತು. ಮುಂದಿನ ಜನವರಿಯಲ್ಲಿ ಹೆಂಡತಿ ಅರುಂಧತಿ ಕೆಮ್ಮುತ್ತ ಆಂಬುಲೆನ್ಸ್ ಹತ್ತಿದಳು, ಇಳಿದು ಬರಲಿಲ್ಲ. ಆರ್ಟೀಸಿಯಾ ಪಕ್ಕದ ಸೆರಿಟೋಸಿನ ಬಾಡಿಗೆ ಮನೆಯಲ್ಲಿ ಗೋಡೆ ನೋಡಿಕೊಂಡು ಕುಳಿತಿದ್ದವನನ್ನು ಯಾರೋ ಪರಿಚಯದವರು, ನಮ್ಮಮ್ಮನಿಗೆ ಒಂದಿಷ್ಟು ಊರು ತೋರಿಸಿ ಅಂಕಲ್ ಎಂದು ಎಬ್ಬಿಸಿದರು. ಹಾಗೆ ಶುರುವಾದದ್ದು ಇದು.

ಹೋಟೆಲಿನ ಧಣಿಗಳಿಂದ ಅವನು ಕಲಿತ ಒಂದು ಕಟ್ಟಳೆ ಇತ್ತು. ಊರಿನಿಂದ ಕೆಲಸದವನಿಗೆ ಕೆಟ್ಟ ಸುದ್ದಿ ಬಂದರೆ ಧಣಿಗಳು ಅದನ್ನು ನುಂಗಿಕೊಂಡು, ಅವನ ಊಟ ಆಗುವವರೆಗೆ ಕಾದು, ಕೈ ತೊಳೆದು ಬಂದ ಮೇಲೆ ಹೆಗಲ ಮೇಲೆ ಕೈಯಿಟ್ಟು ಹೇಳುತ್ತಿದ್ದರು. ಇದು ಧಣಿಗಳೊಬ್ಬರ ಪದ್ಧತಿಯೇನಲ್ಲ. ನಮ್ಮವರ ಮನೆಮನೆಯಲ್ಲೂ ಇರುವುದೇ. ಸತ್ತವರ ಸುದ್ದಿ ಅಡುಗೆಮನೆಯಲ್ಲಿ ಪಿಸುಮಾತಾಗಿ ಓಡಾಡುತ್ತಿರುತ್ತದೆ, ಅತ್ತ ಹಜಾರದಲ್ಲಿ ಆ ಬಡಪಾಯಿಗೆ ಇನ್ನೊಂದು ಸೌಟು ಸಾರು ಬಡಿಸುತ್ತಿರುತ್ತಾರೆ. ಇದಕ್ಕೆ ದಯೆ ಎಂದು ಹೆಸರು. ಇಂಥ ದಯೆ ಬೇಕೇ ಎಂದು ಉಣ್ಣುವವರನ್ನು ಕೇಳಿದವರು ಮಾತ್ರ ಯಾರೂ ಇಲ್ಲ.

ಎರಡು ಸಾವಿರದ ಇಪ್ಪತ್ತನಾಲ್ಕರ ಅಕ್ಟೋಬರಿನ ಒಂದು ಗುರುವಾರ ಸ್ಯಾನ್ ಡಿಯೇಗೋದ ಬಡಾವಣೆಯಾದ ಫೋರ್ ಎಸ್ ರ್ಯಾಂಚಿನ ಮನೆಯೊಂದರ ಮುಂದೆ ಕರುಣಾಕರ ವ್ಯಾನು ನಿಲ್ಲಿಸಿದಾಗ ರತ್ನಾವತಿ ಆಗಲೇ ಬಾಗಿಲಲ್ಲಿ ನಿಂತಿದ್ದರು. ಅರವತ್ತೆರಡರ ಹೆಂಗಸು. ನೇರಳೆ ಸೀರೆ, ಅದರ ಮೇಲೆ ಮಗಳ ಜಾಕೆಟ್ಟು, ಹಣೆಯಲ್ಲಿ ಕಾಸಿನಗಲದ ಕುಂಕುಮ. ಮಗಳು ನಮ್ರತಾಳ ಬಾಣಂತನಕ್ಕೆಂದು ಬಂದು ಐದು ತಿಂಗಳಾಗಿತ್ತು. ಮಗುವಿಗೆ ನಾಲ್ಕು ತಿಂಗಳು. ಈ ಐದು ತಿಂಗಳಲ್ಲಿ ಅವರು ನೋಡಿದ್ದು ಒಂದು ಪಾರ್ಕು, ಎರಡು ಅಂಗಡಿ. ಮುಂದಿನ ತಿಂಗಳು ಊರಿಗೆ ಹೊರಡುವ ಮೊದಲು ಒಂದು ದಿನವಾದರೂ ತಿರುಗಾಡಲಿ ಎಂದು ಅಳಿಯ ಸಂದೀಪ್ ಕರುಣಾಕರನಿಗೆ ಹೇಳಿದ್ದ.

"ನೀವು ಬ್ರಹ್ಮಾವರದವರಂತೆ, ಹೌದಾ? ನಮ್ಮದೂ ಅಲ್ಲೇ ಮಾರಾಯ್ರೆ, ಪೋಸ್ಟ್ ಆಫೀಸಿನ ಹಿಂದೆ," ಎಂದು ಮುಂದಿನ ಸೀಟಿಗೇ ಹತ್ತಿ ಕುಳಿತರು. "ನಮ್ಮ ಮನೆಯವರು ಬಾಲಕೃಷ್ಣ ಅಂತ. ಪೋಸ್ಟ್ ಮಾಸ್ಟರ್ ಆಗಿ ರಿಟೈರ್ ಆದದ್ದು. ಬನ್ನಿ ಅಂತ ಎಷ್ಟು ಹೇಳಿದ್ರೂ ಬರ್ಲಿಲ್ಲ. ಇಪ್ಪತ್ತು ಗಂಟೆ ಕಾಲು ಮಡಚಿ ಕೂರ್ಲಿಕ್ಕೆ ನನ್ನಿಂದಾಗುದಿಲ್ಲ ಅಂತ ಒಂದೇ ಹಟ. ಪಕ್ಕದ ಮನೆಯಲ್ಲೇ ಅವರ ಅಣ್ಣ ವೆಂಕಟಾಚಲ ಭಾವ ಇದ್ದಾರೆ, ಊಟತಿಂಡಿಗೆ ತೊಂದ್ರೆ ಇಲ್ಲ ಬಿಡಿ."

ದಾರಿಯುದ್ದಕ್ಕೂ ಅವರು ಗಂಡನನ್ನು ಬೈದರು. ಮದುವೆಯಾಗಿ ಮೂವತ್ತೆಂಟು ವರ್ಷಗಳಲ್ಲಿ ಆತ ಅವರನ್ನು ಕರೆದುಕೊಂಡು ಹೋದ ಅತಿ ದೂರದ ಊರು ಮೈಸೂರಂತೆ. ಅಲ್ಲಿಯೂ ಅರಮನೆಯ ಮುಂದೆ ಗಡಿಯಾರ ನೋಡಿಕೊಂಡು, ಬಸ್ಸಿಗೆ ಹೊತ್ತಾಯಿತು ಬಾ ಬಾ ಎಂದು ಎಳೆದರಂತೆ. ಬೈಗುಳದಲ್ಲಿ ಪ್ರೀತಿಯೇ ಹೆಚ್ಚಿತ್ತು. ಕರುಣಾಕರನಿಗೆ ಅರುಂಧತಿ ನೆನಪಾದಳು. ಅವಳೂ ಹೀಗೇ, ಎದುರಿಗಿಲ್ಲದಾಗಲೇ ಅವನನ್ನು ಹೆಚ್ಚು ಬೈಯುತ್ತಿದ್ದದ್ದು.

ಗುಡ್ಡದ ಹುಲ್ಲಿನ ಮೇಲೆ ಚಾಪೆ ಹಾಸಿ ಅವನು ಡಬ್ಬಿ ಬಿಚ್ಚಿದಾಗ ಒಂಬತ್ತು ದಾಟಿತ್ತು. ರಾತ್ರಿಯೇ ರುಬ್ಬಿ, ಮೂರು ಗಂಟೆಗೆ ಎದ್ದು ಬೇಯಿಸಿದ ಇಡ್ಲಿ. ರತ್ನಾವತಿ ಒಂದು ತುಂಡು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಚಿ, "ಅಯ್ಯೋ, ಐದು ತಿಂಗಳ ಮೇಲೆ ಬೇರೆಯವರ ಕೈಯಡಿಗೆ ತಿಂತಾ ಇದ್ದೇನೆ," ಎಂದರು. ಅಷ್ಟರಲ್ಲಿ ಕರುಣಾಕರನ ಫೋನು ಬಡಿದುಕೊಂಡಿತು. ಸಂದೀಪ್. ಬೆಂಗಳೂರಿನ ಹುಡುಗ, ಸದಾ ಮೆತ್ತಗೆ ಮಾತಾಡುವವನು. ಈಗ ಅವನ ಉಸಿರು ಹಿಡಿತದಲ್ಲಿರಲಿಲ್ಲ.

"ಅಂಕಲ್, ಅತ್ತೆ ಪಕ್ಕದಲ್ಲಿದಾರಾ? ಸ್ವಲ್ಪ ದೂರ ಬನ್ನಿ."

ಕರುಣಾಕರ ಎದ್ದು ಕಾರುಗಳು ನಿಂತಿದ್ದ ಕಡೆಗೆ ನಡೆದ.

"ಮಾವ ಹೋಗ್ಬಿಟ್ರು ಅಂಕಲ್. ಹಾರ್ಟ್ ಅಟ್ಯಾಕ್. ಅಲ್ಲಿ ರಾತ್ರಿ ಎಂಟೂವರೆ, ಊಟಕ್ಕೆ ಕೂತವರು ಹಾಗೇ ವಾಲಿಬಿಟ್ಟರಂತೆ. ಒಂದು ಗಂಟೆ ಆಗಿದೆ ಅಷ್ಟೆ."

ಕರುಣಾಕರ ತಿರುಗಿ ನೋಡಿದ. ರತ್ನಾವತಿ ಇನ್ನೊಂದು ಇಡ್ಲಿಗೆ ಕೈ ಹಾಕುತ್ತಿದ್ದರು.

"ಇವತ್ತು ರಾತ್ರಿ ಲಾಸ್ ಏಂಜಲೀಸಿಂದಾನೇ ಫ್ಲೈಟ್ ಸಿಕ್ತಿದೆ. ನಾನೇ ಅತ್ತೆ ಜೊತೆ ಹೋಗ್ತೀನಿ, ನಮ್ರತಾ ಮಗು ಬಿಟ್ಟು ಬರೋಕಾಗಲ್ಲ. ಬಟ್ಟೆ, ಪಾಸ್‌ಪೋರ್ಟ್ ಎಲ್ಲ ಪ್ಯಾಕ್ ಮಾಡ್ಕೊಂಡು ಸಂಜೆ ಏರ್‌ಪೋರ್ಟಿಗೆ ಬರ್ತೀವಿ, ನೀವು ಅಲ್ಲಿಗೇ ಕರ್ಕೊಂಡು ಬನ್ನಿ. ಅಲ್ಲೇ ಹೇಳ್ತೀವಿ. ಈಗ ಹೇಳಿದ್ರೆ ಇಡೀ ದಿನ ನೀರೂ ಕುಡಿಯಲ್ಲ ಅಂಕಲ್, ಅವ್ರಿಗೆ ಬೇರೆ ಶುಗರ್ ಇದೆ. ಹೊಟ್ಟೆತುಂಬ ಊಟ ಮಾಡ್ಸಿ. ಫೋನ್ ಮಾತ್ರ ಹೇಗಾದ್ರೂ ಮಾಡಿ ಇಸ್ಕೊಂಡ್ಬಿಡಿ."

"ಅಲ್ಲಿಯವರು ಕಾಯ್ತಾರಾ? ಮುಖ ನೋಡ್ಲಿಕ್ಕೆ ಸಿಗ್ತದಾ?" ಕರುಣಾಕರ ಕೇಳಿದ ಒಂದೇ ಪ್ರಶ್ನೆ ಇದು.

"ಶನಿವಾರ ಮಧ್ಯಾಹ್ನದ ತನಕ ಐಸ್ ಪೆಟ್ಟಿಗೆಯಲ್ಲಿ ಇಡ್ತೀವಿ ಅಂತ ವೆಂಕಟಾಚಲ ದೊಡ್ಡಪ್ಪ ಒಪ್ಪಿದಾರೆ. ಆದ್ರೆ ಹೆಂಡತಿಗೆ ಹೇಳಿದೀರಾ ಇಲ್ವಾ ಅಂತ ಅದೊಂದೇ ಹಿಡ್ಕೊಂಡಿದ್ರು. ಹೇಳಿದೀವಿ, ಅಳ್ತಿದಾರೆ, ಹೊರಡ್ತಿದೀವಿ ಅಂದ್ಬಿಟ್ಟಿದೀನಿ. ಇಲ್ದಿದ್ರೆ ಅವ್ರೇ ಅತ್ತೆಗೆ ಫೋನ್ ಮಾಡ್ಬಿಡ್ತಿದ್ರು."

ಕರುಣಾಕರ ಚಾಪೆಗೆ ಹಿಂದಿರುಗಿದ. ಧಣಿಗಳ ಕಟ್ಟಳೆ ಅವನ ರಕ್ತದಲ್ಲೇ ಇತ್ತು, ಹಾಗಾಗಿ ಇದು ತಪ್ಪು ಎಂದು ಆ ಕ್ಷಣಕ್ಕೆ ಅನ್ನಿಸಲಿಲ್ಲ. ಮುಖ ನೋಡಲು ಸಿಗುತ್ತದಲ್ಲ, ಅಷ್ಟು ಸಾಕು ಎಂದುಕೊಂಡ. "ಅಕ್ಕ, ನಿಮ್ಮ ಮೊಬೈಲ್ ಕೊಡಿ. ಚಾರ್ಜಿಗೆ ಹಾಕ್ತೇನೆ. ಫೋಟೋ ನನ್ನದರಲ್ಲೇ ತೆಗೆಯುವ, ಚಂದ ಬರ್ತದೆ," ಎಂದು ಇಸಿದುಕೊಂಡು, ಆಫ್ ಮಾಡಿ, ವ್ಯಾನಿನ ಡ್ಯಾಶ್‌ಬೋರ್ಡಿನೊಳಗೆ ತುರುಕಿದ.

"ನೀವೆಂತ ತಿನ್ಲೇ ಇಲ್ಲ?" ರತ್ನಾವತಿ ಕೇಳಿದರು.

"ಬೆಳಿಗ್ಗೆಯೇ ಆಯ್ತು ಅಕ್ಕ."

ಹಾಲಿವುಡ್ಡಿನ ಫುಟ್‌ಪಾತಿನಲ್ಲಿ ನೆಲಕ್ಕೆ ಕೂರಿಸಿದ ನಕ್ಷತ್ರಗಳ ಮೇಲೆ ಸಿನಿಮಾದವರ ಅಷ್ಟೊಂದು ಹೆಸರುಗಳಿದ್ದವು. ರತ್ನಾವತಿಗೆ ಅವುಗಳಲ್ಲಿ ಒಂದೂ ಗೊತ್ತಿರಲಿಲ್ಲ. ಆದರೂ ಹೆಸರು ತುಳಿಯಬಾರದೆಂದು ಕಾಲು ತಪ್ಪಿಸಿ ತಪ್ಪಿಸಿ ನಡೆದರು. ಹೊಳೆಯುವ ನಕ್ಷತ್ರವೊಂದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರೇ, "ಇದನ್ನು ನಮ್ಮ ಮನೆಯವರಿಗೆ ಕಳಿಸಿ," ಎಂದರು.

"ಊರಲ್ಲಿ ಈಗ ನಡುರಾತ್ರಿ ಅಕ್ಕ. ಮಲಗಿರ್ತಾರೆ."

"ಮಲಗ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಮೊದಲು ನೋಡುದು ಮೊಬೈಲ್, ಆಮೇಲೆ ದೇವರ ಮುಖ. ನಂಬರ್ ಹೇಳ್ತೇನೆ, ಹಾಕಿ." ಹತ್ತು ಅಂಕಿಗಳನ್ನು ಮಗ್ಗಿ ಒಪ್ಪಿಸುವಂತೆ ಹೇಳಿ, ಅವನ ಹೆಗಲ ಬಳಿಯೇ ನಿಂತು ಪರದೆಯನ್ನು ನೋಡತೊಡಗಿದರು.

ಏನಾದರೂ ಸುಳ್ಳು ಹೇಳಬಹುದಿತ್ತು. ನೆಟ್‌ವರ್ಕ್ ಇಲ್ಲ ಎನ್ನಬಹುದಿತ್ತು. ಮೂವತ್ತು ವರ್ಷ ಗಿರಾಕಿಗಳು ಕೇಳಿದ್ದನ್ನು ತಟ್ಟೆಗೆ ಹಾಕಿ ಕೊಟ್ಟ ಕೈ ಅದು, ಕೇಳಿದ್ದನ್ನು ಮಾಡಿಬಿಟ್ಟಿತು. ಸತ್ತವನ ಫೋನನ್ನು ಯಾರು ನೋಡುತ್ತಾರೆ, ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ವಾಟ್ಸಾಪಿನಲ್ಲಿ ಫೋಟೋದ ಕೆಳಗೆ ಒಂದು ಟಿಕ್ ಬಂತು. ಸ್ವಲ್ಪ ಹೊತ್ತಿಗೆ ಎರಡಾಯಿತು.

"ಹೋಯ್ತು," ಎಂದು ರತ್ನಾವತಿ ಸಮಾಧಾನಪಟ್ಟರು.

ಆರ್ಟೀಸಿಯಾವನ್ನು ರಾತ್ರಿಯ ಬದಲು ಮಧ್ಯಾಹ್ನಕ್ಕೇ ಇಟ್ಟುಕೊಳ್ಳಬೇಕಾಯಿತು. ಸಂಜೆಗೆ ಏರ್‌ಪೋರ್ಟು ಮುಟ್ಟಬೇಕಿತ್ತು, ರಾತ್ರಿ ಎಂಬುದು ಈ ದಿನದಲ್ಲಿ ಇರಲಿಲ್ಲ. ಬಾಳೆಲೆಯ ಮೇಲೆ ಬಡಿಸುವ ಹೋಟೆಲಿನಲ್ಲಿ ಎದುರುಬದುರು ಕುಳಿತರು. ಪಲ್ಯ, ಕೋಸಂಬರಿ, ಹುಳಿ, ಸಾರು, ಗೋಳಿಬಜೆ, ಪಾಯಸ. ಬಡಿಸುವವನಿಗೆ ಕರುಣಾಕರ ಕಣ್ಸನ್ನೆ ಮಾಡಿದಂತೆಲ್ಲ ಎಲೆಗೆ ಇನ್ನಷ್ಟು ಬೀಳುತ್ತಿತ್ತು. ರತ್ನಾವತಿ ತೃಪ್ತಿಯಿಂದ ಉಂಡರು. ಹೊರಗೆ ಯಾರೋ ಮಾಡಿ ಬಡಿಸಿದ್ದನ್ನು ತಾನು ಸುಮ್ಮನೆ ಕುಳಿತು ಉಣ್ಣುವುದು ವರ್ಷಕ್ಕೊಮ್ಮೆ, ಅದೂ ಮದುವೆಮನೆಯಲ್ಲಿ ಎಂದು ನಕ್ಕರು. ಆ ನಗು ನೋಡುತ್ತ ಕರುಣಾಕರ ತನ್ನ ಎಲೆಯನ್ನು ಮಡಚಿದ. ಈ ಹೆಂಗಸಿಗೆ ಇದು ಸಲ್ಲುವುದಲ್ಲ ಅನ್ನಿಸಿತು. ಹೇಳಿಬಿಡೋಣ, ಅಳಿಯನ ಮಾತು ಹಾಳಾಗಲಿ ಎಂದು ತೀರ್ಮಾನಿಸಿದ.

ಆದರೆ ಅವರು ಮೊಸರನ್ನಕ್ಕೆ ಬಂದಿದ್ದರು. ಮೊಸರನ್ನ ಆಗಲಿ ಎಂದುಕೊಂಡ.

ಮೊಸರನ್ನ ಆಯಿತು. ಕೈ ತೊಳೆದು ಬಂದವರೇ ರತ್ನಾವತಿ ಹೊರಗಿನ ಅಂಗಡಿ ಸಾಲಿನತ್ತ ನಡೆದುಬಿಟ್ಟರು. ಅವನು ಬಿಲ್ಲು ಕೊಟ್ಟು ಬರುವಷ್ಟರಲ್ಲಿ ಬಳೆ ಅಂಗಡಿಯೊಳಗೆ ಸ್ಟೂಲಿನ ಮೇಲೆ ಕುಳಿತು, ಎಡಗೈ ಮುಂದೆ ಚಾಚಿಯಾಗಿತ್ತು. ಅಂಗಡಿಯ ಹೆಂಗಸು ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ಏರಿಸುತ್ತಿದ್ದಳು.

"ಅಕ್ಕ, ಬಳೆ ಇವತ್ತು ಬೇಡ."

"ಯಾಕೆ?"

"ಒಡೆದು ಹೋಗ್ತದೆ, ಸೂಟ್‌ಕೇಸಿನಲ್ಲಿ."

"ಸೂಟ್‌ಕೇಸಿಗೆ ಯಾರು ಹಾಕ್ತಾರೆ? ಕೈಯಲ್ಲೇ ಹಾಕ್ಕೊಂಡು ಹೋಗ್ತೇನೆ. ಅಮೆರಿಕದ ಬಳೆ ಅಂತ ಅವರಿಗೆ ತೋರಿಸ್ಬೇಡ್ವಾ?" ಪಕ್ಕದ ಅಂಗಡಿಯಲ್ಲಿ ಫ್ರಿಜ್ಜಿನಲ್ಲಿಟ್ಟ ಮಲ್ಲಿಗೆ ದಂಡೆ ಸಿಕ್ಕಿತು. ಅದನ್ನೂ ಕೊಂಡು ಮುಡಿದರು. ಎರಡೂ ಕೈ ಎದೆಯ ಮುಂದೆ ಹಿಡಿದು, ಬಳೆ ಕಾಣುವಂತೆ ನಿಂತು, "ತೆಗೀರಿ," ಎಂದರು. ತೆಗೆದ. "ಕಳಿಸಿ," ಎಂದರು. ಕಳಿಸಿದ. ಎರಡು ಟಿಕ್ ಬಿತ್ತು. ಅವನಿಗೆ ಫೋನನ್ನು ರಸ್ತೆಗೆ ಎಸೆಯುವಷ್ಟು ತನ್ನ ಮೇಲೆಯೇ ಹೇಸಿಗೆ ಬಂದಿತ್ತು. ಆದರೂ ಅದನ್ನು ಜೇಬಿನಲ್ಲಿಟ್ಟುಕೊಂಡು ವ್ಯಾನಿನ ಬಾಗಿಲು ತೆರೆದ.

ಸಾಂಟಾ ಮೋನಿಕಾದಲ್ಲಿ ನೀರಿನೊಳಕ್ಕೆ ಚಾಚಿದ ಮರದ ಸೇತುವೆಯ ಮೇಲೆ ಸಮುದ್ರಕ್ಕೆ ಮುಖ ಮಾಡಿದ ಬೆಂಚಿನಲ್ಲಿ ಕುಳಿತಾಗ ನಾಲ್ಕು ಗಂಟೆ. ಗಾಳಿ ತಣ್ಣಗಿತ್ತು. ರತ್ನಾವತಿಯ ಕೈಯಲ್ಲಿ ಐಸ್‌ಕ್ರೀಮಿನ ಕೋನು, ಶುಗರಿದ್ದೂ ತಿಂದದ್ದನ್ನು ಮಗಳಿಗೆ ಹೇಳಬಾರದು ಎಂಬ ಕರಾರಿನ ಮೇಲೆ. "ನಿಮ್ಮ ಮನೆಯವರು?" ಎಂದು ಕೇಳಿದರು.

ಕರುಣಾಕರ ಹೇಳಿದ. ಯಾರಿಗೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಆಸ್ಪತ್ರೆಯ ಒಳಗೆ ಬಿಡಲಿಲ್ಲ, ಪಾರ್ಕಿಂಗ್ ಲಾಟಿನಲ್ಲಿ ಹನ್ನೊಂದು ದಿನ ಕಾರಿನೊಳಗೆ ಕುಳಿತಿದ್ದ. ಕೊನೆಗೆ ನರ್ಸ್ ಒಬ್ಬಳು ಟ್ಯಾಬ್ಲೆಟ್ಟಿನಲ್ಲಿ ಮುಖ ತೋರಿಸಿದಳು. ಬಾಯಿ ತುಂಬ ಕೊಳವೆ. ಅರುಂಧತಿಯೋ ಬೇರೆ ಯಾರೋ ಗೊತ್ತಾಗಲಿಲ್ಲ. "ಅದನ್ನು ನೋಡಿದ್ದು ಅಂತ ನಾನು ಲೆಕ್ಕಕ್ಕೆ ಹಿಡಿಯುದಿಲ್ಲ ಅಕ್ಕ. ಈಗಲೂ ಬಾಗಿಲು ಸದ್ದಾದ್ರೆ ಅವಳೇ ಬಂದದ್ದು ಅನ್ನಿಸ್ತದೆ."

ರತ್ನಾವತಿಯ ಕೈಯಲ್ಲಿದ್ದ ಐಸ್‌ಕ್ರೀಮು ಕರಗಿ ಮಣಿಕಟ್ಟಿಗೆ ಇಳಿಯುತ್ತಿತ್ತು. "ಹೌದು, ಮುಖ ನೋಡ್ಬೇಕು," ಎಂದರು. "ನಮ್ಮ ಅಮ್ಮ ಹೋದಾಗ ನಮ್ಮ ಮನೆಯವರು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿ ಮಳೆಯಲ್ಲಿ ಓಡಿಸಿದ್ದು ಇವತ್ತಿಗೂ ಮರೀಲಿಕ್ಕಾಗುದಿಲ್ಲ. ಮುಟ್ಟಿದಾಗ ಇನ್ನೂ ಬಿಸಿ ಇತ್ತು ಅಮ್ಮ. ಎಷ್ಟು ಬೈದ್ರೂ ಅದೊಂದಕ್ಕೆ ನಾನು ಅವರಿಗೆ ಋಣಿ."

ಆಗ ಹೇಳಬೇಕಿತ್ತು. ಕರುಣಾಕರನ ಬಾಯಿ ತೆರೆದೂ ಇತ್ತು. ಆದರೆ ಗಂಡನ ನೆನಪಾದದ್ದೇ ರತ್ನಾವತಿಗೆ ಹುರುಪು ಬಂದು, "ಈಗ ಊರಲ್ಲಿ ಬೆಳಗಾಯ್ತಲ್ಲ, ಎದ್ದಿರ್ತಾರೆ. ಫೋನ್ ಕೊಡಿ, ಮಾತಾಡಿ ಕಳಿಸ್ತೇನೆ," ಎಂದು ಅವನ ಕೈಯಿಂದಲೇ ಫೋನು ಎತ್ತಿಕೊಂಡರು. ಮೈಕಿನ ಗುರುತನ್ನು ಒತ್ತಿ ಹಿಡಿದು, ಬಾಯಿಯ ಹತ್ತಿರ ತಂದು, ಸಮುದ್ರದ ಗಾಳಿಗೆ ಕೇಳಿಸಲೆಂದು ಜೋರಾಗಿಯೇ ಹೇಳಿದರು:

"ಹೋಯ್, ಕೇಳ್ತಾ ಉಂಟಾ? ಐಸ್‌ಕ್ರೀಮ್ ತಿಂತಾ ಇದ್ದೇನೆ. ನೀವಿಲ್ಲದೆ ಎಷ್ಟು ಆರಾಮ ಉಂಟು ಗೊತ್ತುಂಟಾ ಇಲ್ಲಿ? ಗಡಿಯಾರ ನೋಡುವವರೇ ಇಲ್ಲ!"

ಐಸ್‌ಕ್ರೀಮು ಹಿಡಿದ ಫೋಟೋ ಒಂದನ್ನು ತೆಗೆಸಿ ಅದನ್ನೂ ಹಿಂದೆಯೇ ಕಳಿಸಿದರು. ಫೋನು ಬೆಂಚಿನ ಮೇಲೆ ಇಬ್ಬರ ನಡುವೆ ಇತ್ತು. ಇಪ್ಪತ್ತು ನಿಮಿಷ ಕಳೆದಿರಬೇಕು. ರತ್ನಾವತಿ ಬಗ್ಗಿ ನೋಡಿ ಚಪ್ಪಾಳೆ ತಟ್ಟಿದರು. "ನೋಡಿ, ನೀಲಿ ಆಯ್ತು! ನೋಡಿದ್ರು! ಈಗ ಬರ್ತದೆ ನೋಡಿ ಫೋನು."

ಬೆಳಗಿನಿಂದ ಕಳಿಸಿದ್ದಷ್ಟೂ ಒಂದೇ ಸಲಕ್ಕೆ ನೀಲಿಯಾಗಿದ್ದವು. ನಕ್ಷತ್ರದ ಫೋಟೋ, ಬಳೆಯ ಫೋಟೋ, ಆ ಮಾತು, ಎಲ್ಲವೂ. ಅಲ್ಲಿ ಯಾರೋ ಸತ್ತವನ ಫೋನು ತೆರೆದಿದ್ದರು. ಹೆಂಡತಿಗೆ ಹೇಳಿಯಾಗಿದೆ, ಅಳುತ್ತಿದ್ದಾಳೆ ಎಂದು ಸಂದೀಪ್ ನಂಬಿಸಿದ ಮನೆ ಅದು. ಸಂದೀಪನಿಗೆ ಕೂಡಲೇ ಫೋನ್ ಮಾಡಬೇಕು ಎಂದುಕೊಂಡ ಕರುಣಾಕರ. ಮಾಡಿದರೆ, ಫೋಟೋ ಯಾಕೆ ಕಳಿಸಿದಿರಿ ಅಂಕಲ್ ಎಂದು ಕೇಳುತ್ತಾನೆ. ಅದಕ್ಕೆ ಏನು ಹೇಳುವುದು? ಹೇಗೂ ಇನ್ನೆರಡು ಗಂಟೆಯಲ್ಲಿ ಏರ್‌ಪೋರ್ಟಿನಲ್ಲಿ ಎಲ್ಲ ಗೊತ್ತಾಗುತ್ತದಲ್ಲ ಎಂದು ಸುಮ್ಮನಾದ. ನಾಚಿಕೆ ಮನುಷ್ಯನನ್ನು ಎಷ್ಟು ಹೇಡಿ ಮಾಡುತ್ತದೆ ಎಂಬುದನ್ನು ಅವನು ಆ ಬೆಂಚಿನ ಮೇಲೆ ಕಂಡ. ಆದದ್ದನ್ನು ತಿದ್ದಲು ಇನ್ನೂ ಒಂದು ಗಂಟೆಯಷ್ಟು ಹೊತ್ತಿತ್ತು ಎಂಬುದು ಅವನಿಗೆ ಆಮೇಲೆ ಗೊತ್ತಾಯಿತು.

ಫೋನು ಬರಲಿಲ್ಲ. "ಸಿಟ್ಟು ಬಂದಿರ್ಬೇಕು, ಗಡಿಯಾರದ ಮಾತಿಗೆ," ಎಂದು ರತ್ನಾವತಿ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, "ಹಾಗೆ ಹೇಳ್ಬಾರ್ದಿತ್ತೋ ಏನೋ," ಎಂದರು. ವ್ಯಾನು ಹತ್ತಿದ ಮೇಲೆ, ಟ್ರಾಫಿಕ್ಕಿನಲ್ಲಿ ತೆವಳುವಾಗ, ಕಿಟಕಿಗೆ ತಲೆಯಾನಿಸಿ ಬಾಯಿ ತೆರೆದು ನಿದ್ದೆ ಹೋದರು. ಮಲ್ಲಿಗೆ ಬಾಡಿ ಗಾಜಿಗೆ ಅಂಟಿಕೊಂಡಿತ್ತು. ಆಗ ಆರು ಗಂಟೆ.

ಏರ್‌ಪೋರ್ಟಿನ ಬಾಗಿಲಲ್ಲಿ ಮಗುವನ್ನು ಎದೆಗೆ ಕಟ್ಟಿಕೊಂಡ ನಮ್ರತಾ, ಪಕ್ಕದಲ್ಲಿ ಎರಡು ಸೂಟ್‌ಕೇಸು ಹಿಡಿದ ಸಂದೀಪ್. ರತ್ನಾವತಿ ವ್ಯಾನಿನಿಂದ ಇಳಿದವರು ಮೊದಲು ಮಗಳ ಮುಖ ನೋಡಿದರು, ಆಮೇಲೆ ತಮ್ಮದೇ ನೀಲಿ ಸೂಟ್‌ಕೇಸನ್ನು. ಅಲ್ಲಿಂದ ಮುಂದೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ಅಪ್ಪ," ಎಂದಳು ನಮ್ರತಾ. ಅಷ್ಟೇ ಹೇಳಲು ಆದದ್ದು.

ರತ್ನಾವತಿ ಕಿರುಚಲಿಲ್ಲ. ಸೂಟ್‌ಕೇಸಿನ ಮೇಲೆ ಕುಸಿದು ಕುಳಿತರು. ಅಳಿಯನ ಕಡೆಗೆ ತಿರುಗಿ ಕೇಳಿದರು, "ಮುಖ ನೋಡ್ಲಿಕ್ಕೆ ಸಿಗ್ತದಾ?"

"ಸಿಗುತ್ತೆ ಅತ್ತೆ. ಇಟ್ಟಿರ್ತಾರೆ. ದೊಡ್ಡಪ್ಪ ಮಾತು ಕೊಟ್ಟಿದಾರೆ. ಬೇಕಾದ್ರೆ ಈಗಲೇ ನೀವೇ ಮಾತಾಡಿ," ಎಂದು ಸಂದೀಪ್ ವೆಂಕಟಾಚಲರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಆ ಕಡೆಯಿಂದ ಕಾಗೆಗಳ ಸದ್ದು ಕೇಳಿಸಿತು. ಅಲ್ಲಿ ಬೆಳಗಾಗಿತ್ತು.

"ಇನ್ನೆಂತಕ್ಕೆ ಫೋನು?" ಎಂದರು ವೆಂಕಟಾಚಲ. ದನಿ ಬಿದ್ದುಹೋಗಿತ್ತು. "ಆರೂವರೆಗೆ ಬೆಂಕಿ ಕೊಟ್ಟಾಯ್ತು."

"ದೊಡ್ಡಪ್ಪ! ಶನಿವಾರದ ತನಕ ಇಡ್ತೀವಿ ಅಂದಿದ್ರಲ್ಲ!"

"ಯಾರಿಗೋಸ್ಕರ ಇಡುದು? ತಮ್ಮನ ಮೊಬೈಲ್ ಅವನ ತಲೆ ಹತ್ತಿರವೇ ಇತ್ತು. ರಾತ್ರಿಯೆಲ್ಲ ಟಿಂಗ್ ಟಿಂಗ್ ಅಂತ. ಬೆಳಿಗ್ಗೆ ಯಾರದ್ದು ಅಂತ ಒತ್ತಿ ನೋಡಿದ್ರೆ, ಹೂ ಮುಡಿದು, ಬಳೆ ಇಟ್ಟು, ನಗ್ತಾ ನಿಂತಿದ್ದಾಳೆ. ಐಸ್‌ಕ್ರೀಮ್ ತಿಂತಾ ಇದ್ದಾಳಂತೆ. ನೀವಿಲ್ಲದೆ ಎಷ್ಟು ಆರಾಮ ಉಂಟು ಅಂತ. ಹೆಣದ ಸುತ್ತ ನಲವತ್ತು ಜನ ಕೂತಿದ್ರು, ಎಲ್ಲರಿಗೂ ಕೇಳ್ತು. ನೀನು ಹೇಳಿದ್ದಿ ಅಲ್ವಾ, ಅವಳಿಗೆ ತಿಳಿಸಿದ್ದೇವೆ ಅಂತ? ತಿಳಿದ ಮೇಲೆ ಅಷ್ಟು ಆರಾಮ ಇದ್ದವಳಿಗೆ ನಾವು ಯಾಕೆ ಕಾಯ್ಬೇಕು?"

ಫೋನು ಕಟ್ಟಾಯಿತು. ಸಂದೀಪ್ ಮತ್ತೆ ಮತ್ತೆ ಒತ್ತಿದ, ಆ ಕಡೆ ಎತ್ತಲಿಲ್ಲ. ಮಗು ಎಚ್ಚರಗೊಂಡು ಅಳತೊಡಗಿತು.

ರತ್ನಾವತಿ ತಲೆ ಎತ್ತಿ ಕರುಣಾಕರನನ್ನು ನೋಡಿದರು.

"ಬಳೆ ಇಡುವಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

"ಇಡ್ಲಿ ತಿನ್ನುವಾಗ?"

"ಆಗಲೇ ಗೊತ್ತಾದದ್ದು."

ಅವರು ಹೌದೆಂಬಂತೆ ತಲೆಯಾಡಿಸಿದರು. "ನೀವಾದ್ರೂ ಟ್ಯಾಬ್ಲೆಟ್ಟಿನಲ್ಲಿ ನೋಡಿದ್ರಿ," ಎಂದರು. ಬೈದಿದ್ದರೆ ಕರುಣಾಕರ ಹೇಗೋ ತಡೆದುಕೊಳ್ಳುತ್ತಿದ್ದ. ಬೈಯಲಿಲ್ಲ. ಎದ್ದು, ಸೆರಗು ಸರಿಮಾಡಿಕೊಂಡು, ಈಗ ಹೋಗಿ ಏನು ಮಾಡುವುದು ಅಮ್ಮ ಎಂದು ಅಳುತ್ತಿದ್ದ ಮಗಳಿಗೆ, "ಹೋಗ್ತೇನೆ. ನಾನು ಅಂಥವಳಲ್ಲ ಅಂತ ಹೇಳ್ಬೇಕಲ್ಲ," ಎಂದು ಹೇಳಿ ಅಳಿಯನ ಹಿಂದೆ ಬಾಗಿಲೊಳಗೆ ನಡೆದರು. ಬಳೆಗಳ ಸದ್ದು ಸ್ವಲ್ಪ ದೂರದವರೆಗೆ ಕೇಳಿಸುತ್ತಿತ್ತು.

ಆಮೇಲಿನದು ಕರುಣಾಕರನಿಗೆ ತಿಳಿದದ್ದು ನಮ್ರತಾಳಿಂದ. ರತ್ನಾವತಿ ಊರು ಮುಟ್ಟಿದಾಗ ಬೂದಿಯ ಮಡಕೆಯನ್ನೂ ಸಮುದ್ರಕ್ಕೆ ಬಿಟ್ಟಾಗಿತ್ತು. ಸಂದೀಪ್ ಎಲ್ಲರ ಮುಂದೆ ತಪ್ಪು ತನ್ನದೆಂದು ಒಪ್ಪಿಕೊಂಡ. ಅತ್ತೆಯ ಮಾನ ಉಳಿಸಲು ಅಳಿಯ ಹೀಗೆ ಹೇಳುತ್ತಿದ್ದಾನೆ, ಒಳ್ಳೆಯ ಹುಡುಗ ಎಂದು ಜನ ಅವನನ್ನೇ ಹೊಗಳಿದರು. ಆ ದನಿ ಮಾತ್ರ ಅಷ್ಟರಲ್ಲಿ ಮೊಬೈಲಿಂದ ಮೊಬೈಲಿಗೆ ದಾಟಿ ಪೇಟೆಯವರೆಗೂ ಹೋಗಿತ್ತು. 'ನೀವಿಲ್ಲದೆ ಎಷ್ಟು ಆರಾಮ ಉಂಟು.' ದಿನಸಿ ಅಂಗಡಿಯಲ್ಲಿ ಹುಡುಗರು ಅದನ್ನು ಆಡಿ ನಗುತ್ತಾರಂತೆ. ರತ್ನಾವತಿ ಮನೆಯಿಂದ ಹೊರಗೆ ಬರುವುದನ್ನು ನಿಲ್ಲಿಸಿದ್ದಾರೆ.

ಕರುಣಾಕರ ಈಗಲೂ ವ್ಯಾನು ಓಡಿಸುತ್ತಾನೆ. ಹತ್ತುವ ಮೊದಲೇ ಒಂದು ಮಾತು ಹೇಳುತ್ತಾನೆ, ದಾರಿಯಲ್ಲಿ ಊರಿನಿಂದ ಎಂಥ ಸುದ್ದಿ ಬಂದರೂ ನನಗೆ ಗೊತ್ತಾದ ಕೂಡಲೇ ನಿಮಗೂ ಹೇಳುತ್ತೇನೆ, ಬಾಯಿಯಲ್ಲಿ ತುತ್ತಿದ್ದರೂ ಹೇಳುತ್ತೇನೆ. ಇದೆಂಥ ಅಪಶಕುನದ ಮನುಷ್ಯ ಎಂದು ಕೆಲವರು ಅಲ್ಲಿಂದಲೇ ಮನೆಯೊಳಗೆ ಹೋಗಿಬಿಡುತ್ತಾರೆ.

ನಮ್ರತಾಳಿಂದ ವೆಂಕಟಾಚಲರ ನಂಬರು ಪಡೆದು, ಕಳೆದ ವರ್ಷ ಅವನೂ ಒಂದು ಮಾತನ್ನು ರೆಕಾರ್ಡ್ ಮಾಡಿ ಕಳಿಸಿದ. ನಡೆದದ್ದನ್ನೆಲ್ಲ ಹೇಳಿ, "ರತ್ನಕ್ಕನಿಗೆ ಗೊತ್ತಿರ್ಲಿಲ್ಲ, ಗೊತ್ತಿದ್ದದ್ದು ನನಗೆ. ಅವರ ದನಿ ಯಾರ್ಯಾರಿಗೆ ಹೋಗಿದೆಯೋ ಅವರಿಗೆಲ್ಲ ಇದನ್ನೂ ದಯವಿಟ್ಟು ಕಳಿಸಿ," ಎಂದು ಮುಗಿಸಿದ್ದ. ಎರಡು ಟಿಕ್ ಬಿದ್ದಿವೆ. ಪ್ರತಿ ದಿನ ಬೆಳಿಗ್ಗೆ ಇಡ್ಲಿ ಬೇಯಲು ಇಟ್ಟು ಅವನು ಫೋನು ತೆರೆದು ನೋಡುತ್ತಾನೆ. ಇವತ್ತಿನವರೆಗೂ ಅವು ನೀಲಿಯಾಗಿಲ್ಲ.